ಪ್ರೊಜೆಕ್ಟರ್ ರಿಮೋಟ್ ಬೀರುವಿನಲ್ಲಿ ಇರಬಾರದು

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸ್ ಕೊಠಡಿಯ ರಿಮೋಟ್. ಮೈತುಂಬ ಗುಂಡಿಗಳಿವೆ. ಅವುಗಳಲ್ಲಿ ಬಣ್ಣ ಮಾಸಿರುವುದು ಒಂದೇ ಒಂದು, ಮೇಲಿರುವ ಪವರ್ ಗುಂಡಿ. ಉಳಿದವೆಲ್ಲ ಡಬ್ಬಿಯಿಂದ ತೆಗೆದ ದಿನದ ಹಾಗೆಯೇ ಹೊಳೆಯುತ್ತಿವೆ. ಆ ಹೊಳಪನ್ನು ನೋಡಿಯೇ ಈ ವ್ಲಾಗ್ ಮಾಡಬೇಕು ಅನ್ನಿಸಿತು.

ಎಷ್ಟೋ ಶಾಲೆಗಳಲ್ಲಿ ಪ್ರೊಜೆಕ್ಟರ್ ಕೊಠಡಿಯಲ್ಲಿರುತ್ತದೆ, ರಿಮೋಟ್ ಮಾತ್ರ ಬೀರುವಿನಲ್ಲಿರುತ್ತದೆ, ಬೀರುವಿನ ಕೀಲಿ ಇನ್ನೆಲ್ಲೋ ಇರುತ್ತದೆ. ಹಾಳಾದರೆ ಯಾರು ಹೊಣೆ ಎಂಬ ಭಯವೇ ಇದಕ್ಕೆ ಕಾರಣ. ನಮ್ಮ ಕನ್ನಡ ಮೇಷ್ಟ್ರು ಒಮ್ಮೆ ನೇರವಾಗಿಯೇ ಕೇಳಿದರು: “ಮೇಡಂ, ಒಂದು ಗುಂಡಿ ಒತ್ತಲು ಹೋಗಿ ಇನ್ನೊಂದನ್ನು ಒತ್ತಿಬಿಟ್ಟರೆ ಯಂತ್ರ ಕೆಟ್ಟುಹೋಗುವುದಿಲ್ಲವೇ?” ಅವರ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ರಿಮೋಟ್ ಏನು ಮಾಡುತ್ತದೆ ಎಂಬುದನ್ನು ಮೊದಲು ಕಣ್ಣಾರೆ ನೋಡಬೇಕು.

ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಯಾವುದಾದರೂ ಗುಂಡಿ ಒತ್ತುತ್ತಿದ್ದೇನೆ. ಗಮನಿಸಿ, ತಿಳಿನೇರಳೆ ಬಣ್ಣದ ಬೆಳಕು ಮಿಣಮಿಣ ಅನ್ನುತ್ತಿದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ, ಏಕೆಂದರೆ ಇದು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು. ಸಾಮಾನ್ಯವಾಗಿ ಇದರ ತರಂಗಾಂತರ 940 ನ್ಯಾನೋಮೀಟರಿನ ಆಸುಪಾಸಿನಲ್ಲಿರುತ್ತದೆ. ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುವ ಬೆಳಕನ್ನು ಬಿಟ್ಟು ಬಿಟ್ಟು ಕಳುಹಿಸಿ ರಿಮೋಟ್ ತನ್ನ ಮಾತನ್ನು ದಾಟಿಸುತ್ತದೆ. ಬಿಸಿಲು, ಟ್ಯೂಬ್‌ಲೈಟುಗಳ ನಡುವೆಯೂ ಪ್ರೊಜೆಕ್ಟರ್ ತನ್ನ ರಿಮೋಟನ್ನು ಗುರುತಿಸುವುದು ಈ ಮಿಡಿತದಿಂದ.

ಇನ್ನು ಮೇಷ್ಟ್ರ ಪ್ರಶ್ನೆ. ಬಹಳಷ್ಟು ರಿಮೋಟುಗಳು ಬಳಸುವ ಎನ್‌ಇಸಿ ಎಂಬ ವಿಧಾನದಲ್ಲಿ ಒಂದು ಸಂದೇಶವೆಂದರೆ ಸೊನ್ನೆ ಮತ್ತು ಒಂದುಗಳ 32 ಅಂಕಿಗಳು. ಗುಂಡಿಯ ಸಂಖ್ಯೆಯನ್ನು ಒಮ್ಮೆ ಇದ್ದ ಹಾಗೆ ಕಳುಹಿಸುತ್ತದೆ, ಇನ್ನೊಮ್ಮೆ ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ ಮಾಡಿ ಕಳುಹಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ರೊಜೆಕ್ಟರ್ ಆ ಅಪ್ಪಣೆಯನ್ನೇ ಕೈಬಿಡುತ್ತದೆ. ಅಂದರೆ ರಿಮೋಟ್ ಕಳುಹಿಸುವುದು ಬರೀ ಸಂಖ್ಯೆ. ಏನು ಮಾಡಬೇಕು, ಏನು ಮಾಡಬಾರದು ಎಂದು ತೀರ್ಮಾನಿಸುವುದು ಯಂತ್ರ. ತಪ್ಪು ಗುಂಡಿ ಒತ್ತಿದರೆ ಚಿತ್ರ ಕೆಡಬಹುದು, ತಲೆಕೆಳಗಾಗಬಹುದು, ಮಾಯವೂ ಆಗಬಹುದು. ಯಂತ್ರ ಸುಟ್ಟುಹೋಗುವುದಿಲ್ಲ. ಅದಕ್ಕೆ ನಿಜವಾದ ಅಪಾಯ ಬರುವುದು ಗೋಡೆಯ ಮೇಲಿನ ಸ್ವಿಚ್ಚಿನಿಂದ.

ಆದ್ದರಿಂದ ಪವರ್ ಗುಂಡಿಯಿಂದಲೇ ಹೊರಡೋಣ. ಲ್ಯಾಂಪ್ ಇರುವ ಪ್ರೊಜೆಕ್ಟರುಗಳಲ್ಲಿ ಹೆಚ್ಚಾಗಿ ಯುಎಚ್‌ಪಿ ಎಂಬ ಬಗೆಯ ದೀಪ ಇರುತ್ತದೆ. 1990ರ ದಶಕದಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ದೀಪ ಇದು. ಪುಟ್ಟ ಗಾಜಿನ ಗೂಡಿನೊಳಗೆ ಪಾದರಸದ ಆವಿ, ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಉರಿಯುತ್ತಿರುತ್ತದೆ. ಒಳಗೆ ಅಷ್ಟು ಬಿಸಿ ಇರುವಾಗ ಫ್ಯಾನ್ ಏಕಾಏಕಿ ನಿಲ್ಲಬಾರದು. ಆಫ್ ಮಾಡಲು ಪವರ್ ಗುಂಡಿಯನ್ನು ಎರಡು ಸಲ ಒತ್ತಬೇಕಾಗುವುದು ಕೈತಪ್ಪಿ ಆಫ್ ಆಗದಿರಲಿ ಎಂದು. ಮೊದಲ ಸಲಕ್ಕೆ ಖಚಿತವೇ ಎಂದು ಪರದೆಯ ಮೇಲೆ ಕೇಳುತ್ತದೆ, ಎರಡನೆಯ ಸಲಕ್ಕೆ ದೀಪ ಆರುತ್ತದೆ, ಫ್ಯಾನ್ ಇನ್ನೂ ತಿರುಗುತ್ತಿರುತ್ತದೆ. ಅದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿ. ತಕ್ಷಣ ಪ್ಲಗ್ ತೆಗೆಯಬಹುದಾದ ಮಾದರಿಗಳೂ ಇವೆ, ಆದರೆ ನಿಮ್ಮದು ಅಂಥದೇ ಎಂದು ಕೈಪಿಡಿ ನೋಡಿ ಖಾತ್ರಿ ಮಾಡಿಕೊಳ್ಳಿ. ಬೆಲ್ ಹೊಡೆಯಿತು ಎಂದು ಮೇನ್ಸ್ ಆರಿಸಿ ಓಡುವ ಅಭ್ಯಾಸ ದೀಪದ ಆಯುಸ್ಸನ್ನು ತಿನ್ನುತ್ತದೆ.

ಕರೆಂಟ್ ಹೋದರೆ? ನಮ್ಮ ಕಡೆ ಬೇಸಿಗೆಯಲ್ಲಿ ಅದು ಮಾಮೂಲು. ದೀಪವೂ ಫ್ಯಾನೂ ಒಟ್ಟಿಗೆ ನಿಲ್ಲುತ್ತವೆ. ಕರೆಂಟ್ ಬಂದ ಕೂಡಲೇ ಪವರ್ ಒತ್ತಿದರೆ ದೀಪ ಹೊತ್ತಿಕೊಳ್ಳದೆ ಇರಬಹುದು, ಏಕೆಂದರೆ ಬಿಸಿಯಾಗಿರುವ ಯುಎಚ್‌ಪಿ ದೀಪ ಮತ್ತೆ ಹೊತ್ತುವುದು ಕಷ್ಟ. ಕೆಟ್ಟಿತು ಎಂದು ಗಾಬರಿಯಾಗಬೇಡಿ, ತಣ್ಣಗಾಗಲು ಬಿಡಿ. ಶಾಲೆಗೆ ಏನಾದರೂ ಅನುದಾನ ಬಂದರೆ ಇನ್ನೊಂದು ಸ್ಪೀಕರ್ ಕೊಳ್ಳುವ ಮೊದಲು ಪ್ರೊಜೆಕ್ಟರಿಗೆ ಒಂದು ಯುಪಿಎಸ್ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮುಂದಿನದು ಸೋರ್ಸ್. ನೀಲಿ ಪರದೆ, ಮೇಲೆ ‘ನೋ ಸಿಗ್ನಲ್’ ಎಂಬ ಬರಹ. ಯಾವ ಕೇಬಲ್ಲಿನಿಂದ ಚಿತ್ರ ತೆಗೆದುಕೊಳ್ಳಬೇಕೆಂದು ಪ್ರೊಜೆಕ್ಟರಿಗೆ ತಿಳಿದಿಲ್ಲ, ಅಷ್ಟೇ. ಸೋರ್ಸ್ ಅಥವಾ ಸೋರ್ಸ್ ಸರ್ಚ್ ಒತ್ತಿದರೆ ಸಿಗ್ನಲ್ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಆಗಲೂ ಬಾರದಿದ್ದರೆ ರಿಮೋಟನ್ನು ಕೆಳಗಿಡಿ. ಸಮಸ್ಯೆ ಹೆಚ್ಚಾಗಿ ಲ್ಯಾಪ್‌ಟಾಪಿನಲ್ಲಿರುತ್ತದೆ. ವಿಂಡೋಸ್ ಗುರುತಿನ ಕೀಲಿಯ ಜೊತೆ ಪಿ ಅಕ್ಷರ ಒತ್ತಿ, ಡುಪ್ಲಿಕೇಟ್ ಆರಿಸಿಕೊಳ್ಳಿ. ಇನ್ನೊಂದು ಮಾತು: ನೀಲಿ ಮೂತಿಯ, 15 ಪಿನ್ನಿನ ವಿಜಿಎ ಕೇಬಲ್ಲಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಅದಕ್ಕೆ ಬೇರೆ ಆಡಿಯೋ ವಯರ್ ಬೇಕು. ಅದಿಲ್ಲದೆ ವಾಲ್ಯೂಮ್ ಗುಂಡಿಯನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಆಟೋ ಎಂಬ ಗುಂಡಿ ಇದ್ದರೆ, ಅದು ಈ ವಿಜಿಎ ಚಿತ್ರ ಪಕ್ಕಕ್ಕೆ ಸರಿದಾಗ ಅಥವಾ ನಡುಗಿದಾಗ ನೆಟ್ಟಗೆ ಮಾಡಲು ಇರುವುದು. ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ಭಾಗಕ್ಕೆ ಬರೋಣ. ಕ್ಯಾಮೆರಾವನ್ನು ಪರದೆಯ ತೀರ ಹತ್ತಿರಕ್ಕೆ ಒಯ್ಯುತ್ತಿದ್ದೇನೆ. ಇದು ಎಂಟನೇ ತರಗತಿಯ ವಿಜ್ಞಾನದ ಸ್ಲೈಡ್. ‘ಸೂಕ್ಷ್ಮದರ್ಶಕ’ ಎಂಬ ಪದವನ್ನು ನೋಡಿ. ‘ಕ್ಷ’ದ ಕೆಳಗಿನ ಮಕಾರದ ಒತ್ತು ಬರೀ ಒಂದು ಮಸಿ ಚುಕ್ಕೆಯಂತೆ ಕಾಣುತ್ತಿದೆ. ಹಿಂದಿನ ಬೆಂಚಿನ ಮಗುವಿಗೆ ಇದನ್ನು ಓದಲು ಸಾಧ್ಯವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಈ ತೊಂದರೆ ಅಷ್ಟಿಲ್ಲ. ನಮ್ಮ ಒತ್ತಕ್ಷರಗಳು, ಅರ್ಕಾವೊತ್ತು, ದೀರ್ಘದ ಕೊಂಬುಗಳೆಲ್ಲ ಸಣ್ಣವು. ಚಿತ್ರದ ಚುಕ್ಕೆಗಳು ಕಡಿಮೆಯಾದಾಗ ಮೊದಲು ಅಳಿಯುವುದೇ ಅವು.

ಹೀಗಾಗಲು ಎರಡು ಕಾರಣ. ಒಂದು, ಶಾಲೆಗಳಲ್ಲಿರುವ ಬಹಳಷ್ಟು ಪ್ರೊಜೆಕ್ಟರುಗಳ ಒಳಗಿನ ಫಲಕ 1024×768 ಚುಕ್ಕೆಗಳದ್ದು, 4:3 ಆಕಾರದ್ದು. ಲ್ಯಾಪ್‌ಟಾಪ್ 1366×768ರದ್ದಾದರೆ, ಅಗಲವನ್ನು ಹೇಗಾದರೂ 1024ರೊಳಗೆ ಕೂರಿಸಲು ಪ್ರೊಜೆಕ್ಟರ್ ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಮೇಲಿಂದ ಕೆಳಗೆ 768 ಸಾಲುಗಳಿದ್ದ ಬರಹ 576 ಸಾಲುಗಳಿಗೆ ಇಳಿಯುತ್ತದೆ. ಆಗ ಆಸ್ಪೆಕ್ಟ್ ಗುಂಡಿ ಒತ್ತಿ ಚಿತ್ರವನ್ನು ಎಳೆದು ಪರದೆ ತುಂಬಿಸಿದರೆ ಅಕ್ಷರಗಳು ಉದ್ದುದ್ದವಾಗುತ್ತವೆಯೇ ಹೊರತು ಅಳಿಸಿದ ಒತ್ತು ಮರಳಿ ಬರುವುದಿಲ್ಲ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿಯೇ 1024×768 ಆರಿಸಿಕೊಳ್ಳಿ. ಈಗ ಅದೇ ಪದವನ್ನು ನೋಡಿ, ಒತ್ತು ಸ್ಪಷ್ಟವಾಗಿದೆ. ಈ ಒಂದು ಬದಲಾವಣೆಗಾಗಿ ಇಡೀ ವ್ಲಾಗ್ ಮಾಡಿದ್ದರೂ ನನಗೆ ಸಮಾಧಾನವಿರುತ್ತಿತ್ತು.

ಎರಡನೆಯ ಕಾರಣ ಕೀಸ್ಟೋನ್. ಪ್ರೊಜೆಕ್ಟರನ್ನು ತಗ್ಗಿನ ಮೇಜಿನ ಮೇಲಿಟ್ಟು ಮೂತಿ ಮೇಲೆತ್ತಿದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. ಕೀಸ್ಟೋನ್ ಗುಂಡಿ ಒತ್ತಿದಾಗ ಅಂಚುಗಳು ನೇರವಾಗುವುದು ನಿಜ. ಆದರೆ ಅದು ಬೆಳಕನ್ನು ತಿದ್ದುವುದಿಲ್ಲ, ಒಳಗಿನ ಫಲಕದ ಮೇಲೆಯೇ ಚಿತ್ರವನ್ನು ಇನ್ನಷ್ಟು ಚಿಕ್ಕದು ಮಾಡಿ ಸೊಟ್ಟಗೆ ಬರೆಯುತ್ತದೆ. ಚುಕ್ಕೆಗಳು ಮತ್ತೆ ನಷ್ಟ. ಹಲವು ಮಾದರಿಗಳಲ್ಲಿ 30 ಡಿಗ್ರಿಯವರೆಗೆ ಈ ತಿದ್ದುಪಡಿ ಸಾಧ್ಯವಿದೆ, ಹಾಗೆಂದು ಅಷ್ಟನ್ನೂ ಬಳಸಬೇಕೆಂದೇನೂ ಇಲ್ಲ. ಮೊದಲು ಪ್ರೊಜೆಕ್ಟರನ್ನು ಪರದೆಗೆ ಎದುರಾಗಿ, ಸರಿಯಾದ ಎತ್ತರದಲ್ಲಿ ಇಡಿ. ಉಳಿದ ಅಲ್ಪಸ್ವಲ್ಪ ಓರೆಗೆ ಮಾತ್ರ ಕೀಸ್ಟೋನ್ ಬಳಸಿ.

ಕಲರ್ ಮೋಡ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಡೈನಾಮಿಕ್‌ನಲ್ಲಿ ಬೆಳಕು ಹೆಚ್ಚು, ಬಣ್ಣದ ನಿಜ ಕಡಿಮೆ. ಕಿಟಕಿಗೆ ಪರದೆಯಿಲ್ಲದ ಕೊಠಡಿಗೆ ಅದು ಸರಿ. ಜೀವಕೋಶದ ಚಿತ್ರ, ಲಿಟ್ಮಸ್ ಕಾಗದದ ಬಣ್ಣ ತೋರಿಸುವಾಗ ಬೇರೆ ಮೋಡ್ ಆರಿಸಿಕೊಳ್ಳಿ. ಹಲವು ಪ್ರೊಜೆಕ್ಟರುಗಳಲ್ಲಿ ಬ್ಲ್ಯಾಕ್‌ಬೋರ್ಡ್ ಎಂಬ ಮೋಡ್ ಕೂಡ ಇದೆ. ಪರದೆ ಹರಿದುಹೋದ ಕೊಠಡಿಯಲ್ಲಿ ಹಸಿರು ಹಲಗೆಯ ಮೇಲೆಯೇ ಚಿತ್ರ ಬಿಡಬೇಕಾದಾಗ, ಹಲಗೆಯ ಹಸಿರನ್ನು ಲೆಕ್ಕಕ್ಕೆ ತೆಗೆದುಕೊಂಡು ಬಣ್ಣ ಹೊಂದಿಸಿಕೊಳ್ಳುತ್ತದೆ. ಚಿತ್ರದ ಮೇಲೆಯೇ ಸೀಮೆಸುಣ್ಣದಿಂದ ಬಾಣ ಎಳೆಯಬಹುದು, ಹೆಸರು ಬರೆಯಬಹುದು. ನನಗಂತೂ ಬಿಳಿ ಪರದೆಗಿಂತ ಇದೇ ಹೆಚ್ಚು ಇಷ್ಟ.

ಇಡೀ ರಿಮೋಟಿನಲ್ಲಿ ಶಿಕ್ಷಕರಿಗೆ ಅತ್ಯಂತ ಬೆಲೆಬಾಳುವ ಗುಂಡಿಗಳು ಯಾವುವು ಎಂದು ಕೇಳಿದರೆ ನಾನು ಹೇಳುವುದು ಎರಡೇ: ಫ್ರೀಜ್ ಮತ್ತು ಎ/ವಿ ಮ್ಯೂಟ್. ಕೆಲವು ಕಂಪನಿಗಳ ರಿಮೋಟಿನಲ್ಲಿ ಎರಡನೆಯದಕ್ಕೆ ಬ್ಲ್ಯಾಂಕ್ ಎಂದು ಹೆಸರು. ಎರಡೂ ಚಿತ್ರವನ್ನು ತಡೆಯುವ ಗುಂಡಿಗಳು. ಪಾಠದ ಹಗ್ಗ ಶಿಕ್ಷಕರ ಕೈಗೆ ಮರಳಿ ಬರುವುದು ಇವುಗಳಿಂದ.

ಫ್ರೀಜ್ ಒತ್ತಿದರೆ ಪರದೆಯ ಮೇಲಿನ ಚಿತ್ರ ಇದ್ದಲ್ಲೇ ನಿಲ್ಲುತ್ತದೆ, ಲ್ಯಾಪ್‌ಟಾಪ್ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನೋಡಿ, ಪರದೆಯ ಮೇಲೆ ಪ್ರಶ್ನೆ ನಿಂತಿದೆ: ಚಂದ್ರಗ್ರಹಣ ಪ್ರತಿ ಹುಣ್ಣಿಮೆಗೂ ಏಕೆ ಆಗುವುದಿಲ್ಲ? ಮಕ್ಕಳು ಗುಂಪಿನಲ್ಲಿ ಚರ್ಚಿಸುತ್ತಿದ್ದಾರೆ. ಅಷ್ಟರಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ, ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿರುವ ಆನಿಮೇಷನ್ ಹುಡುಕಿ ತೆರೆದಿಡುತ್ತೇನೆ. ಫ್ರೀಜ್ ಇಲ್ಲದಿದ್ದರೆ ನಲವತ್ತು ಜೋಡಿ ಕಣ್ಣುಗಳು ನನ್ನ ಫೋಲ್ಡರುಗಳ ಹೆಸರನ್ನು ಓದುತ್ತಿದ್ದವು, ಉತ್ತರವೂ ಮೊದಲೇ ಬಯಲಾಗುತ್ತಿತ್ತು. ಇನ್ನೂ ಮುಖ್ಯವಾದದ್ದು, ಮಕ್ಕಳ ಅಂಕಪಟ್ಟಿ. ಯಾರಿಗೆ ಎಷ್ಟು ಅಂಕ ಬಂದಿದೆ ಎಂಬುದು ಗೋಡೆಯ ಮೇಲೆ ಮೂಡಬಾರದು. ಪಾಠದ ನಡುವೆ ಆ ಕಡತವನ್ನು ತೆರೆಯಲೇಬೇಕಾಗಿ ಬಂದರೆ ಮೊದಲು ಫ್ರೀಜ್ ಒತ್ತಿ. ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ಪರದೆ ಬದಲಾಗುತ್ತಿಲ್ಲ ಎಂದಾದರೆ, ಕೇಬಲ್ ಕಿತ್ತು ನೋಡುವ ಮೊದಲು ಇನ್ನೊಮ್ಮೆ ಫ್ರೀಜ್ ಒತ್ತಿ ನೋಡಿ.

ಎ/ವಿ ಮ್ಯೂಟ್ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಮರೆಮಾಡುತ್ತದೆ. ನಮ್ಮ ಕನ್ನಡ ಮೇಷ್ಟ್ರಿಗೆ ಈಗ ಇದು ಅಚ್ಚುಮೆಚ್ಚು. ಹಳಗನ್ನಡ ಪದ್ಯದ ಪಾಠದಲ್ಲಿ ತಾಳೆಗರಿಯ ಚಿತ್ರ ತೋರಿಸಿ, ಮಕ್ಕಳು ಕಣ್ಣರಳಿಸಿ ನೋಡಿದ ಮೇಲೆ ಬ್ಲ್ಯಾಂಕ್ ಮಾಡಿ ಪದ್ಯವನ್ನು ತಾವೇ ರಾಗವಾಗಿ ಓದುತ್ತಾರೆ. ಎದುರಿಗೆ ಬೆಳಗುವ ಪರದೆಯಿದ್ದರೆ ಮಕ್ಕಳ ಕಣ್ಣು ಅಲ್ಲಿಂದ ಕದಲುವುದಿಲ್ಲ. ಅದು ಕಪ್ಪಾದ ಕ್ಷಣ ಎಲ್ಲರೂ ಮೇಷ್ಟ್ರ ಮುಖ ನೋಡುತ್ತಾರೆ. ಇದನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ.

ಆದರೆ ಎರಡು ಎಚ್ಚರಿಕೆ. ಮ್ಯೂಟ್ ಮಾಡಿದಾಗ ವಿಡಿಯೋ ನಿಲ್ಲುವುದಿಲ್ಲ, ಕಾಣದಂತೆ ಓಡುತ್ತಲೇ ಇರುತ್ತದೆ, ಆದ್ದರಿಂದ ಮೊದಲು ವಿಡಿಯೋವನ್ನು ನಿಲ್ಲಿಸಿ. ಜೊತೆಗೆ ದೀಪವೂ ಉರಿಯುತ್ತಿರುತ್ತದೆ, ಅಂದರೆ ಇದು ಆಫ್ ಮಾಡಿದ ಹಾಗಲ್ಲ. ಎಪ್ಸನ್‌ನ ಹಲವು ಮಾದರಿಗಳಲ್ಲಿ ಮ್ಯೂಟ್ ಮಾಡಿ 30 ನಿಮಿಷ ಬಿಟ್ಟರೆ ತಾನಾಗಿ ಆರುವ ಟೈಮರ್ ಇದೆ. ಅದೇ ಮಾದರಿಗಳಲ್ಲಿ ಈ ಗುಂಡಿಯನ್ನು 5 ಸೆಕೆಂಡ್ ಒತ್ತಿ ಹಿಡಿದರೆ ಚಿತ್ರ ತಲೆಕೆಳಗಾಗುತ್ತದೆ, ಪ್ರೊಜೆಕ್ಟರನ್ನು ಚಾವಣಿಗೆ ನೇತುಹಾಕುವವರಿಗಾಗಿ ಇಟ್ಟಿರುವ ಸೌಲಭ್ಯ ಅದು. ರಿಮೋಟಿನ ಮೇಲೆ ಪುಸ್ತಕದ ಕಟ್ಟು ಬಿದ್ದು ಹೀಗಾದರೆ ಮತ್ತೆ 5 ಸೆಕೆಂಡ್ ಒತ್ತಿ ಹಿಡಿಯಿರಿ, ಸರಿಹೋಗುತ್ತದೆ.

ಇ-ಜೂಮ್ ಭೂಪಟಕ್ಕೆ ಚೆನ್ನ. ಬೇಕಾದ ಜಾಗವನ್ನು ದೊಡ್ಡದು ಮಾಡಿ, ಬಾಣದ ಗುಂಡಿಗಳಿಂದ ತುಂಗಭದ್ರೆಯ ದಾರಿ ಹಿಡಿದು ಹೋಗಬಹುದು. ಪೇಜ್ ಅಪ್, ಪೇಜ್ ಡೌನ್‌ನಿಂದ ಸ್ಲೈಡ್ ಬದಲಿಸಬೇಕೆಂದರೆ ಸಾಮಾನ್ಯವಾಗಿ ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ನಡುವೆ ಯುಎಸ್‌ಬಿ ಕೇಬಲ್ ಬೇಕು, ಆ ಗುಂಡಿಗಳು ಕೆಲಸ ಮಾಡುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಐಡಿ ಗುಂಡಿ ಒಂದೇ ಸಭಾಂಗಣದಲ್ಲಿ ಹಲವು ಪ್ರೊಜೆಕ್ಟರುಗಳಿರುವವರಿಗೆ. ನಮಗೆ ಬೇಡ.

ಮೆನುವಿನೊಳಗೆ ಹೋದರೆ ಬಾಣಗಳಿಂದ ಓಡಾಡಿ, ಎಂಟರ್‌ನಿಂದ ಒಪ್ಪಿ, ಎಸ್ಕೇಪ್‌ನಿಂದ ಹೊರಬನ್ನಿ. ಅಲ್ಲಿ ನೀವು ಹುಡುಕಬೇಕಾದದ್ದು ಇಕೋ ಎಂಬ ಆಯ್ಕೆ. ಬೆಳಕು ಸ್ವಲ್ಪ ಇಳಿಯುತ್ತದೆ, ಫ್ಯಾನಿನ ಸದ್ದೂ ಇಳಿಯುತ್ತದೆ. ತರಗತಿಯಲ್ಲಿ ಬಳಸುವ ಹಲವು ಮಾದರಿಗಳಲ್ಲಿ ಮಾಮೂಲಿಯಾಗಿ 5,000–6,000 ಗಂಟೆ ಎಂದು ಹೇಳುವ ಲ್ಯಾಂಪ್ ಇಕೋದಲ್ಲಿ 10,000 ಗಂಟೆಯವರೆಗೆ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಕಿಟಕಿ ಮುಚ್ಚಬಹುದಾದ ಕೊಠಡಿಯಾದರೆ ಇಕೋ ಸಾಕು. ರೀಸೆಟ್ ಲ್ಯಾಂಪ್ ಅವರ್ಸ್ ಎಂಬುದನ್ನು ಮಾತ್ರ ಹೊಸ ಲ್ಯಾಂಪ್ ಹಾಕಿದಾಗಲ್ಲದೆ ಮುಟ್ಟಬೇಡಿ. ದೀಪ ಎಷ್ಟು ಉರಿದಿದೆ ಎಂಬ ಲೆಕ್ಕವೇ ಅಳಿಸಿಹೋಗುತ್ತದೆ.

ಗುಂಡಿ ಒತ್ತಿದರೂ ಪ್ರೊಜೆಕ್ಟರ್ ಕೇಳದಿದ್ದರೆ ಮೊದಲು ಮೊಬೈಲ್ ಕ್ಯಾಮೆರಾದ ಪರೀಕ್ಷೆ ಮಾಡಿ. ಬೆಳಕು ಕಾಣದಿದ್ದರೆ ಹೆಚ್ಚಾಗಿ ಸೆಲ್ ಮುಗಿದಿರುತ್ತದೆ. ಕಂಡರೆ, ಪ್ರೊಜೆಕ್ಟರಿನ ಕಪ್ಪು ಕಣ್ಣಿನ ಮೇಲೆ ನೇರ ಬಿಸಿಲು ಬೀಳುತ್ತಿದೆಯೇ ನೋಡಿ. ನೀವು ಪ್ರೊಜೆಕ್ಟರಿನ ಹಿಂದೆ ನಿಂತಿದ್ದರೆ ರಿಮೋಟನ್ನು ಪರದೆಗೇ ಹಿಡಿದು ಒತ್ತಿ, ಅವಕೆಂಪು ಬೆಳಕು ಪರದೆಗೆ ತಾಗಿ ಹಿಂದಕ್ಕೆ ಬಂದು ಕೆಲಸ ಮಾಡುತ್ತದೆ. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮುನ್ನ ಸೆಲ್‌ಗಳನ್ನು ಹೊರತೆಗೆಯಿರಿ, ಒಳಗೇ ಸೋರಿದರೆ ಲೋಹದ ಸ್ಪ್ರಿಂಗುಗಳು ಕಿಲುಬು ಹಿಡಿಯುತ್ತವೆ. ರಿಮೋಟ್ ಕಳೆದೇಹೋಗಿದ್ದರೂ ಪಾಠ ನಿಲ್ಲಿಸಬೇಡಿ: ಪವರ್, ಸೋರ್ಸ್, ಮೆನು ಗುಂಡಿಗಳು ಸಾಮಾನ್ಯವಾಗಿ ಪ್ರೊಜೆಕ್ಟರಿನ ಮೈಮೇಲೂ ಇರುತ್ತವೆ. ಫ್ರೀಜ್ ಮಾತ್ರ ಎಷ್ಟೋ ಯಂತ್ರಗಳ ಮೈಮೇಲೆ ಇರುವುದಿಲ್ಲ. ಅದಕ್ಕಾಗಿಯಾದರೂ, ಪ್ರೊಜೆಕ್ಟರಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಅದಕ್ಕೆ ಹೊಂದುವ ರಿಮೋಟನ್ನೇ ಕೊಂಡು ತನ್ನಿ.