ಬಿ ಮೆಸಾನಿನಿಂದ ಹೊರಡುವ ಫೋಟಾನ್

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಒಂದು ಕ್ವಾರ್ಕೂ ಒಂದು ಪ್ರತಿಕ್ವಾರ್ಕೂ ಸೇರಿ ಆದ ಕಣಗಳೇ ಮೆಸಾನುಗಳು. ಅವುಗಳಲ್ಲಿ ಭಾರವಾದವು ಬೆಳಕಿನ ಕಣವಾದ ಫೋಟಾನನ್ನು ಸೂಸಿ ಕ್ಷಯಿಸುವುದನ್ನು, ಎಂದರೆ ಬೇರೆ ಕಣಗಳಾಗಿ ಒಡೆಯುವುದನ್ನು, ಪ್ರಯೋಗದಲ್ಲಿ ಅಳೆಯುವುದು ಹೇಗೆಂಬುದು ಇಂದಿನ ವಿಷಯ. ಬೆಂಗಳೂರಿನಲ್ಲಿ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸಿನಲ್ಲಿ, ಕಣಭೌತವಿಜ್ಞಾನದ ಮಾತು ಸಾಮಾನ್ಯವಾಗಿ ಸಿದ್ಧಾಂತದಿಂದ ಶುರುವಾಗುತ್ತದೆ. ನಾನು ಉಪಕರಣದ ಕಡೆಯಿಂದ ಬರುತ್ತೇನೆ; ಫೋಟಾನ್ ಸಿಗುವುದು ಸುಲಭ, ಅದು ಯಾರ ಮನೆಯದೆಂದು ಹೇಳುವುದೇ ಇಲ್ಲಿ ಕಷ್ಟ.

ಬಿ ಮೆಸಾನಿನೊಳಗಿನ ಬಾಟಮ್ ಕ್ವಾರ್ಕ್ ಫೋಟಾನನ್ನು ಸೂಸಿ, ಹಗುರವಾದ ಸ್ಟ್ರೇಂಜ್ ಕ್ವಾರ್ಕ್ ಆಗುತ್ತದೆ. ಎರಡಕ್ಕೂ ವಿದ್ಯುದಂಶ ಒಂದೇ. ಹಾಗಾಗಿ ಒಂದು ಇನ್ನೊಂದಾಗಲು ನೇರ ದಾರಿಯಿಲ್ಲ. ದುರ್ಬಲ ಬಲವನ್ನು ಒಯ್ಯುವ ಡಬ್ಲ್ಯು ಬೋಸಾನ್ ಮತ್ತು ಎಲ್ಲಕ್ಕಿಂತ ಭಾರದ ಟಾಪ್ ಕ್ವಾರ್ಕ್ ಕ್ಷಣಮಾತ್ರ ಮೂಡಿ ಮರೆಯಾಗುವ ಕುಣಿಕೆಯೊಂದನ್ನು ಹಾಯಬೇಕು. ಅಲ್ಲಿ ಕಾಣದ ಭಾರಕಣವೊಂದು ನುಸುಳಿದ್ದರೆ ಕ್ಷಯದ ದರವೇ ಬದಲಾಗುತ್ತದೆ. ಬಿ ಮೆಸಾನ್ ಸ್ಟ್ರೇಂಜ್ ಕ್ವಾರ್ಕುಳ್ಳ ಕೆ-ಸ್ಟಾರ್ ಮೆಸಾನೂ ಫೋಟಾನೂ ಆಗಿ ಒಡೆಯುವುದನ್ನು ಅಮೆರಿಕದ ಕಾರ್ನೆಲ್‌ನಲ್ಲಿದ್ದ ಕ್ಲಿಯೊ ತಂಡ 1993ರಲ್ಲಿ ಮೊದಲಿಗೆ ಕಂಡಿತು. ಕುಣಿಕೆಯಲ್ಲಿ ಮೂಡುವ ಆ ಟಾಪ್ ಕ್ವಾರ್ಕ್ ನೇರವಾಗಿ ಪತ್ತೆಯಾದದ್ದು ಅದರ ನಂತರ, 1995ರಲ್ಲಿ. ಲಕ್ಷ ಬಿ ಮೆಸಾನುಗಳಲ್ಲಿ ಹೀಗೆ ಒಡೆಯುವುದು ಸುಮಾರು ನಾಲ್ಕು ಮಾತ್ರ.

ಜಪಾನಿನ ತ್ಸುಕುಬಾದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಪಾಲ್ಗೊಂಡಿದ್ದ ಬೆಲ್ ಪ್ರಯೋಗವನ್ನು ನೋಡಿ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ 10.58 ಜಿಗಾ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯಲ್ಲಿ ಡಿಕ್ಕಿ ಹೊಡೆದಾಗ ಬಿ ಮೆಸಾನಿನ ಜೋಡಿಗಳು ಹುಟ್ಟುತ್ತವೆ. ನಮಗೆ ಬೇಕಾದ ಫೋಟಾನಿನ ಶಕ್ತಿ ಬಿ ಮೆಸಾನ್ ನಿಂತಲ್ಲೇ ಇದೆಯೆಂದು ಎಣಿಸಿದರೆ ಸುಮಾರು 2.56 ಜಿಗಾ. ಅದನ್ನು ಹಿಡಿಯಲು ಥಾಲಿಯಂ ಬೆರೆಸಿದ ಸೀಸಿಯಂ ಅಯೋಡೈಡಿನ 8,736 ಹರಳುಗಳಿದ್ದವು, ಒಂದೊಂದೂ 30 ಸೆಂಟಿಮೀಟರ್ ಉದ್ದ.

ತಲೆನೋವು ಹಗುರ ಮೆಸಾನಾದ ತಟಸ್ಥ ಪಯಾನಿನದು. ಅದು ಎರಡು ಫೋಟಾನುಗಳಾಗಿ ಒಡೆಯುತ್ತದೆ. ಒಂದು ಶಕ್ತಿಯನ್ನೆಲ್ಲ ಬಾಚಿಕೊಂಡು, ಇನ್ನೊಂದು ಹರಳುಗಳ ಗದ್ದಲದಲ್ಲಿ ಮುಳುಗಿಹೋದರೆ, ಉಳಿದದ್ದು ಥೇಟ್ ಬಿ ಮೆಸಾನಿನ ಫೋಟಾನಿನಂತೆಯೇ ಕಾಣುತ್ತದೆ. ಆದ್ದರಿಂದ ಶಂಕಿತ ಫೋಟಾನನ್ನು ಅದೇ ಘಟನೆಯ, ಎಂದರೆ ಅದೇ ಡಿಕ್ಕಿಯ, ಉಳಿದ ಪ್ರತಿಯೊಂದು ಫೋಟಾನಿನೊಂದಿಗೆ ಜೋಡಿಸಿ ದ್ರವ್ಯರಾಶಿಯನ್ನು ಲೆಕ್ಕಹಾಕುತ್ತಾರೆ. ಅದು ಪಯಾನಿನ 135 ಮೆಗಾ ಎಲೆಕ್ಟ್ರಾನ್-ವೋಲ್ಟಿನ ಹತ್ತಿರ ಬಂದರೆ ಕೈಬಿಡುತ್ತಾರೆ. ಜರಡಿ ತೀರ ಸಣ್ಣದಾದರೆ ನಿಜವಾದವೂ ಸೋರಿಹೋಗುತ್ತವೆ. ಬಿ ಮೆಸಾನುಗಳ ಬದಲು ಹಗುರ ಕ್ವಾರ್ಕುಗಳು ಹುಟ್ಟುವ ಘಟನೆಗಳ ಕಾಟ ಇದಕ್ಕಿಂತಲೂ ಹೆಚ್ಚು. ಅವು ಎರಡು ದಿಕ್ಕಿನ ಧಾರೆಗಳಾಗಿ ಹೊರಡುತ್ತವೆ, ಬಿ ಮೆಸಾನಿನವು ಎಲ್ಲ ಕಡೆಗೂ ಹರಡುತ್ತವೆ. ಯಂತ್ರವನ್ನು 60 ಮೆಗಾದಷ್ಟು ಕೆಳಗಿಳಿಸಿ, ಬಿ ಮೆಸಾನುಗಳು ಹುಟ್ಟದ ಶಕ್ತಿಯಲ್ಲಿ ಅಳೆದು ಕಳೆಯುವುದೂ ಉಂಟು. ಅತ್ಯಮೂಲ್ಯ ಯಂತ್ರಸಮಯವನ್ನು ಏನೂ ಸಿಗದೆಡೆ ವ್ಯಯಿಸುವುದು ದುಂದು ಎನಿಸಬಹುದು, ಆದರೆ ಅಳತೆಯ ಮೇಲೆ ನಂಬಿಕೆ ಹುಟ್ಟಿಸುವುದು ಅದೇ.

ಬಾಟಮ್ ಸ್ಟ್ರೇಂಜ್ ಆಗುವ ಎಲ್ಲ ಬಗೆಯ ವಿಕಿರಣ ಕ್ಷಯಗಳನ್ನೂ, ಎಂದರೆ ಫೋಟಾನ್ ಸೂಸುವ ಕ್ಷಯಗಳನ್ನೂ, ಒಟ್ಟುಗೂಡಿಸಿದಾಗ ಹತ್ತು ಸಾವಿರಕ್ಕೆ ಸುಮಾರು ಮೂರೂವರೆ ಬರುತ್ತದೆ. ಕಣಭೌತವಿಜ್ಞಾನದ ಈಗಿನ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಕೊಡುವ ಅಂಕಿಯೂ ಅದೇ, ಎರಡರ ಅನಿಶ್ಚಿತತೆಯೂ ಶೇಕಡಾ ಐದರ ಆಸುಪಾಸು. ವಿದ್ಯುದಂಶವುಳ್ಳ ಹಿಗ್ಸ್ ಕಣವನ್ನು ಕಲ್ಪಿಸುವ ಒಂದು ಪ್ರಮುಖ ಮಾದರಿ ಈ ಹೊಂದಾಣಿಕೆಯಿಂದಲೇ ಇಕ್ಕಟ್ಟಿಗೆ ಸಿಲುಕಿತು: ಅಂಥ ಕಣವಿದ್ದರೆ ಅದರ ದ್ರವ್ಯರಾಶಿ ಕೆಲವು ನೂರು ಜಿಗಾಗಿಂತ ಮೇಲಿರಲೇಬೇಕು. ಚಾರ್ಮ್ ಎಂಬ ಇನ್ನೊಂದು ಕ್ವಾರ್ಕುಳ್ಳ ಡಿ ಮೆಸಾನುಗಳಲ್ಲೂ ವಿಕಿರಣ ಕ್ಷಯ ಕಂಡಿದೆ. ಅಲ್ಲಿ ಕ್ವಾರ್ಕುಗಳನ್ನು ಬೆಸೆಯುವ ಪ್ರಬಲ ಬಲದ ದೂರವ್ಯಾಪ್ತಿಯ ಪರಿಣಾಮಗಳೇ ಮೇಲುಗೈ ಆಗುವುದರಿಂದ ಹೊಸ ಭೌತವಿಜ್ಞಾನದ ಸುಳಿವು ಹುಡುಕಲು ಬಿ ಮೆಸಾನೇ ವಾಸಿ.

ಈಗ ಎಲ್ಲರ ಗಮನ ಫೋಟಾನಿನ ಧ್ರುವೀಕರಣದ ಮೇಲಿದೆ, ಎಂದರೆ ಅದು ಸಾಗುವಾಗ ಎಡಕ್ಕೆ ತಿರುಚಿದೆಯೋ ಬಲಕ್ಕೋ ಎಂಬುದರ ಮೇಲೆ. ಬಾಟಮ್ ಕ್ವಾರ್ಕಿನಿಂದ ಹೊರಟ ಫೋಟಾನ್ ಬಹುಮಟ್ಟಿಗೆ ಎಡಗೈಯದಾಗಿರಬೇಕು. ಅದು ಧ್ರುವೀಕೃತವೆಂದು ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಎಲ್‌ಎಚ್‌ಸಿಬಿ ತಂಡ 2014ರಲ್ಲಿ ತೋರಿಸಿತು. ಬಲಗೈ ಫೋಟಾನುಗಳ ಪಾಲನ್ನು ಇನ್ನಷ್ಟು ಬಿಗಿಯಾಗಿ ಅಳೆಯುವುದು 2019ರಿಂದ ದತ್ತಾಂಶ ಸಂಗ್ರಹಿಸುತ್ತಿರುವ, ಬೆಲ್‌ನ ಮುಂದಿನ ಪ್ರಯೋಗವಾದ ಬೆಲ್ 2ರ ಕೆಲಸಗಳಲ್ಲೊಂದು.