ಗುಣಾಕಾರಕ್ಕೆ ಮೊದಲ ಸರದಿ ಯಾಕೆ?

ಎಲ್ಲರಿಗೂ ನಮಸ್ಕಾರ. ಹಾಸನ ಅಂದಮೇಲೆ ಆಲೂಗಡ್ಡೆ ಲೆಕ್ಕದಿಂದಲೇ ಶುರು ಮಾಡೋಣ. ಮಂಡಿಯಲ್ಲಿ 20 ಕೆಜಿ ಬಿಡಿ ಆಲೂಗಡ್ಡೆ ಇದೆ, ಜೊತೆಗೆ 50 ಕೆಜಿಯ 3 ಮೂಟೆ. ಒಟ್ಟು ಎಷ್ಟು? 20 + 3 × 50 ಅಂತ ಬರೆಯುತ್ತೇವೆ. ಉತ್ತರ 170 ಕೆಜಿ.

ಇದನ್ನೇ ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ ಬರೆದ ಸಾಲಿನಂತೆಯೇ ಒತ್ತಿದರೆ 1150 ಬರುತ್ತದೆ. ಅದು ಒತ್ತಿದ್ದನ್ನು ಆಗಲೇ ಮುಗಿಸುತ್ತಾ ಹೋಗುತ್ತದೆ. 20ಕ್ಕೆ 3 ಕೂಡಿ 23, ಆಮೇಲೆ 50ರಿಂದ ಗುಣಿಸುತ್ತದೆ. ಆ 23 ಏನು ಹೇಳಿ? 20 ಕೆಜಿಗೆ 3 ಮೂಟೆ ಕೂಡಿದ್ದು! ಕೆಜಿಗೆ ಮೂಟೆ ಕೂಡಲು ಬರುವುದಿಲ್ಲ, ಅಲ್ವಾ? 3 × 50 ಅಂದರೆ 50 + 50 + 50. ಅದನ್ನು ಮೊದಲು ಬಿಚ್ಚಬೇಕು, ಆಮೇಲೆ 20 ಕೂಡಬೇಕು. ಗುಣಾಕಾರ ಮೊದಲು ಅನ್ನುವುದು ಗಣಿತದವರು ಒಪ್ಪಿಕೊಂಡ ಪದ್ಧತಿ. ಆದರೆ ಅದು ಸುಮ್ನೆ ಬಂದದ್ದಲ್ಲ.

ಶಾಲೆಯಲ್ಲಿ ನಾವೆಲ್ಲ ಬೋಡ್ಮಾಸ್ ಬಾಯಿಪಾಠ ಮಾಡಿದವರೇ. ಮೊದಲು ಆವರಣ, ಆಮೇಲೆ ಘಾತ, ಭಾಗಾಕಾರ, ಗುಣಾಕಾರ, ಕೂಡುವುದು, ಕಳೆಯುವುದು. ಇದನ್ನು ಆರು ಮೆಟ್ಟಿಲು ಅಂತ ಕಲಿಸುವುದಕ್ಕೆ ನನ್ನ ತಕರಾರಿದೆ. ಇರುವುದು ನಾಲ್ಕೇ. ಭಾಗಾಕಾರ, ಗುಣಾಕಾರ ಎರಡಕ್ಕೂ ಒಂದೇ ಸ್ಥಾನ. ಕೂಡುವುದು, ಕಳೆಯುವುದಕ್ಕೂ ಹಾಗೇ. ಒಂದೇ ಸ್ಥಾನದವು ಎದುರಾದರೆ ಎಡದಿಂದ ಬಲಕ್ಕೆ ಹೋಗಬೇಕು.

10 − 4 + 3 ನೋಡಿ. ಕೂಡುವುದು ಮೊದಲು ಅಂತ ನಂಬಿದ ಮಗು 4 + 3 = 7 ಮಾಡಿ, 10ರಿಂದ ಕಳೆದು 3 ಅಂತ ಬರೆಯುತ್ತದೆ. ಸರಿಯುತ್ತರ 9. ಕಳೆಯುವ ಚಿಹ್ನೆ ಅದರ ಬಲಕ್ಕಿರುವ 4ಕ್ಕೆ ಮಾತ್ರ ಸೇರಿದ್ದು, 3ಕ್ಕೆ ಅಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲಿ ಈ ತಪ್ಪು ಕಂಡರೆ ದಯವಿಟ್ಟು ಗದರಬೇಡಿ. ಕಲಿತ ಸೂತ್ರವನ್ನೇ ಅದು ನಿಷ್ಠೆಯಿಂದ ಪಾಲಿಸಿದೆ.

ಈಗ ಸ್ವಲ್ಪ ದೊಡ್ಡದು:

100 − 2 × (15 − 6) + 36 ÷ 9 × 4

ಆವರಣದೊಳಗೆ 9. ಆಗ 2 × 9 = 18. ಮುಂದೆ 36 ÷ 9 = 4, ಅದನ್ನು 4ರಿಂದ ಗುಣಿಸಿದರೆ 16. ಇಲ್ಲಿ 9 × 4 ಮೊದಲು ಮಾಡಿದರೆ 36 ÷ 36 ಆಗಿ 1 ಬರುತ್ತದೆ, ಲೆಕ್ಕ ಕೆಟ್ಟಿತು. ಉಳಿದದ್ದು 100 − 18 + 16. ಅಂದರೆ 82 + 16, 98. ಒಂದು ಸಾಲಿಗೆ ಒಂದೇ ಹಂತ ಬರೆಯುವ ಅಭ್ಯಾಸ ಮಾಡಿಸಿ. ಜಾಗ ಜಾಸ್ತಿ ಹಿಡಿಯಲಿ, ಪರವಾಗಿಲ್ಲ.

2019ರಲ್ಲಿ 8 ÷ 2(2 + 2) ಅಂತರ್ಜಾಲದಲ್ಲೆಲ್ಲ ಹರಿದಾಡಿತು. ಎಡದಿಂದ ಬಲಕ್ಕೆ ಮಾಡಿದರೆ 16. ಅಂಟಿಕೊಂಡಿರುವ 2(2 + 2) ಒಂದೇ ಗುಂಪು ಅಂತ ಹಿಡಿದರೆ 1. ಜನ ಜಗಳವಾಡಿದರು. ನನ್ನ ಪ್ರಕಾರ ತಪ್ಪು ಬಿಡಿಸಿದವರದಲ್ಲ, ಹಾಗೆ ಬರೆದವರದು. 16 ಬೇಕಿದ್ದರೆ (8 ÷ 2) × (2 + 2) ಅಂತಲೂ, 1 ಬೇಕಿದ್ದರೆ 8 ÷ (2 × (2 + 2)) ಅಂತಲೂ ಬರೆಯಬಹುದಿತ್ತು.