ದೊಡ್ಡ ಮಗ ಒಳಗೆ ಹೋದನಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಉಪನ್ಯಾಸ ಕೇಳಲು ಬಂದಿದ್ದೀರಿ ಅಂದರೆ ಒಂದೋ ವಿಷಯದ ಮೇಲೆ ಪ್ರೀತಿ ಇರಬೇಕು, ಇಲ್ಲಾ ಕೊನೆಗೆ ಕೊಡುವ ಚಾದ ಮೇಲೆ. ಎರಡೂ ಒಳ್ಳೆಯದೇ.

ಕಲೆಯಲ್ಲಿ, ಕಥೆಯಲ್ಲಿ, ಕ್ರೈಸ್ತ ವಿಶ್ವಾಸದಲ್ಲಿ ಹೇಳದೆ ಬಿಟ್ಟ ಮಾತಿಗೆ ಏನು ಕೆಲಸ ಅಂತ ಮಾತಾಡಲು ಹೇಳಿದ್ದಾರೆ. ನಾನು ಪಂಡಿತನಲ್ಲ. ಶಾಲೆಯಲ್ಲಿ ಪಾಠ ಮಾಡಿದವನು, ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮದ ಪಾಠ, ಹೇಳಿಕೊಟ್ಟವನು, ವರ್ಷಕ್ಕೊಂದು ನಾಟಕ ಆಡಿಸಿದವನು. ಆ ನಾಟಕದಲ್ಲಿ ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ದುಂದುಗಾರ ಮಗನ ಕಥೆ ನಿಮಗೆ ಗೊತ್ತು. ಲೂಕನ ಶುಭಸಂದೇಶದ 15ನೇ ಅಧ್ಯಾಯ. ಚಿಕ್ಕವನು ಪಾಲು ತೆಗೆದುಕೊಂಡು ಹೋಗಿ ಹಾಳು ಮಾಡಿ, ಹಂದಿ ಮೇಯಿಸಿ, ಹಸಿದು ವಾಪಸು ಬರುತ್ತಾನೆ. ಅಪ್ಪ ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ. ಹೊಸ ನಿಲುವಂಗಿ, ಉಂಗುರ, ಕಾಲಿಗೆ ಜೋಡು, ಕೊಬ್ಬಿಸಿದ ಕರುವಿನ ಊಟ. ಗದ್ದೆಯಿಂದ ಬಂದ ದೊಡ್ಡವನಿಗೆ ಒಳಗಿನ ಹಾಡು ಕೇಳಿ ಸಿಟ್ಟು ಬರುತ್ತದೆ, ಒಳಗೆ ಬರೋದಿಲ್ಲ ಅನ್ನುತ್ತಾನೆ. ಅಪ್ಪ ಹೊರಗೆ ಬಂದು ಸಮಾಧಾನ ಮಾಡುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ದೊಡ್ಡವನು ಒಳಗೆ ಹೋದನಾ? ಲೂಕ ಹೇಳೋದಿಲ್ಲ.

ನಾನು ಹೇಳಿದೆ! ನನ್ನ ನಾಟಕದಲ್ಲಿ ದೊಡ್ಡವನು ಅಳುತ್ತಾ ಒಳಗೆ ಹೋಗಿ ತಮ್ಮನನ್ನು ತಬ್ಬಿಕೊಂಡ. ಕೀಬೋರ್ಡ್ ಬಾರಿಸಿದೆವು. ಚಪ್ಪಾಳೆಯೋ ಚಪ್ಪಾಳೆ. ಎಲ್ಲ ಮುಗಿದು ಕುರ್ಚಿ ಎತ್ತಿಡುವಾಗ ಒಬ್ಬ ಅಜ್ಜಿ ಹತ್ತಿರ ಬಂದರು. "ಮಾಸ್ಟ್ರೇ, ಅವ ಒಳಗೆ ಹೋದ ಅಂತ ನಿಮಗೆ ಯಾರು ಹೇಳಿದ್ದು?"

"ಹೋಗಿರ್ತಾನಲ್ವಾ ಅಜ್ಜೀ" ಅಂತ ನಕ್ಕೆ.

"ನನ್ನ ದೊಡ್ಡವ ಹನ್ನೊಂದು ವರ್ಷದಿಂದ ಅಂಗಳದಲ್ಲೇ ಇದ್ದಾನೆ. ಜಾಗ ಪಾಲು ಮಾಡಿದಂದಿನಿಂದ."

ಅಷ್ಟು ಹೇಳಿ ಕೊಡೆ ಹಿಡಿದುಕೊಂಡು ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಆ ಅಧ್ಯಾಯವನ್ನು ಮೊದಲ ಸಾಲಿನಿಂದ ಓದಿದೆ. ಅಲ್ಲಿಯವರೆಗೆ ಮೊದಲ ಎರಡು ವಾಕ್ಯಗಳನ್ನು ದಾಟಿಕೊಂಡೇ ಹೋಗುತ್ತಿದ್ದೆ. ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನೆ ಅಂತ ಧರ್ಮದ ನೇಮ ಬಿಗಿಯಾಗಿ ಹಿಡಿದ ಫರಿಸಾಯರು, ಶಾಸ್ತ್ರಿಗಳು ಗೊಣಗುತ್ತಿದ್ದರು. ಕಥೆ ಹೇಳಿದ್ದು ಅವರಿಗೆ. ಅಂದರೆ ಅಂಗಳದಲ್ಲಿ ನಿಂತ ದೊಡ್ಡ ಮಗ ಅವರೇ. "ಹೋದ" ಅಂದಿದ್ದರೆ ಒಳ್ಳೆ ಕಥೆ ಅಂತ ತಲೆದೂಗಿ ಮನೆಗೆ ಹೋಗುತ್ತಿದ್ದರು. "ಹೋಗಲಿಲ್ಲ" ಅಂದಿದ್ದರೆ ಸಿಟ್ಟು ಮಾಡಿಕೊಂಡು ಹೋಗುತ್ತಿದ್ದರು. ಎರಡನ್ನೂ ಹೇಳಲಿಲ್ಲ. ಹೆಜ್ಜೆ ಇಡಬೇಕಾದವರು ಎದುರೇ ಕೂತಿದ್ದರಲ್ಲ.

ನಮ್ಮ ಊರಿನವರಿಗೆ ಇದು ಹೊಸತೇನಲ್ಲ. ತಾಳಮದ್ದಳೆ ಕೇಳಿದವರು ಇಲ್ಲಿ ಜಾಸ್ತಿ ಇದ್ದೀರಿ. ಕರ್ಣಭೇದನ ಪ್ರಸಂಗ ಅಂದುಕೊಳ್ಳಿ. ಭಾಗವತರು ಹಾಡುವ ಪದ್ಯ ಯಾವತ್ತೂ ಅದೇ, ಅದಕ್ಕೆ ಮಾತು ಕಟ್ಟುವವರು ಅರ್ಥಧಾರಿಗಳು. ಆದರೆ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಕೃಷ್ಣ ಒಬ್ಬ ಅರ್ಥಧಾರಿಯ ಬಾಯಲ್ಲಿ ಕರುಣಾಳು, ಇನ್ನೊಬ್ಬರ ಬಾಯಲ್ಲಿ ಪಕ್ಕಾ ರಾಜಕಾರಣಿ. ಬೆಳಗಿನ ಜಾವ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾವು ಅದನ್ನೇ ಜಗಳ ಆಡುತ್ತೇವೆ. ಕವಿ ಎಲ್ಲ ಹೇಳಿಬಿಟ್ಟಿದ್ದರೆ ಅರ್ಥಧಾರಿಗೆ ಕೆಲಸವೇ ಇರುತ್ತಿರಲಿಲ್ಲ.

ಚಿತ್ರದಲ್ಲೂ ಹೀಗೇ. ರೋಮಿನ ಒಂದು ಇಗರ್ಜಿಯಲ್ಲಿ ಕಾರವಾಜ್ಜೊ 1599-1600ರಲ್ಲಿ ಬರೆದ ಚಿತ್ರ ಇದೆ. ಯೇಸು ಸುಂಕದವನಾದ ಮತ್ತಾಯನನ್ನು ಕರೆಯುವ ಗಳಿಗೆ. ಮೇಜಿನ ಸುತ್ತ ಐದು ಜನ. ಬಲಗಡೆಯಿಂದ ಯೇಸು ಕೈ ಚಾಚಿದ್ದಾರೆ. ನಡುವೆ ಕೂತ ಗಡ್ಡದವನು ಬೆರಳು ತೋರಿಸುತ್ತಿದ್ದಾನೆ. "ನಾನಾ?" ಅಂತಲಾ? ಅಥವಾ ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ನಾಣ್ಯ ಎಣಿಸುವ ಹುಡುಗನನ್ನು ತೋರಿಸಿ "ಇವನಾ?" ಅಂತಲಾ? ಗಡ್ಡದವನೇ ಮತ್ತಾಯ ಅನ್ನೋದು ಹಳೆಯ ಮಾತು. ಅಲ್ಲ, ಹುಡುಗನೇ ಅಂತ ವಾದ ಮಾಡುವ ವಿದ್ವಾಂಸರೂ ಇದ್ದಾರೆ. ನನ್ನ ಮತ ಹುಡುಗನಿಗೆ. ಅವನು ಇನ್ನೂ ತಲೆ ಎತ್ತಿಲ್ಲ ನೋಡಿ.

ಒಂದು ಮಾತು ಗಮನಿಸಿ. ಆ ಚಿತ್ರದಲ್ಲಿ ಮಬ್ಬು ಮಬ್ಬಾಗಿ ಏನೂ ಇಲ್ಲ. ಟೋಪಿಯ ಗರಿ, ನಾಣ್ಯ, ಗೋಡೆಯ ಮೇಲೆ ಬಿದ್ದ ಬೆಳಕು, ಎಲ್ಲ ಖಡಕ್ಕಾಗಿದೆ. ಬೆರಳೊಂದು ಮಾತ್ರ ಎರಡು ಕಡೆಗೆ. ಲೂಕನ ಕಥೆಯಲ್ಲೂ ಉಂಗುರ, ಜೋಡು, ಕರು ಎಲ್ಲಕ್ಕೂ ಲೆಕ್ಕ ಇದೆ, ಒಂದು ಹೆಜ್ಜೆಗೆ ಮಾತ್ರ ಇಲ್ಲ. ಈಗಿನ ಕೆಲವರು ಸುಮ್ನೆ ಅರ್ಥವಾಗದ ಹಾಗೆ ಬರೆದು ಅದಕ್ಕೆ ನಿಗೂಢ ಅಂತ ಹೆಸರಿಡುತ್ತಾರೆ. ಅದು ಸೋಮಾರಿತನ.

ಹಾಗಂತ ಎಲ್ಲವನ್ನೂ ಹೇಳುವ ಕಲೆ ಕೀಳು ಅಂತಲ್ಲ. ಇಲ್ಲೇ ಲೈಟ್‌ಹೌಸ್ ಹಿಲ್ ಮೇಲೆ ಸಂತ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಶುರು ಮಾಡಿ ಸುಮಾರು ಎರಡು ವರ್ಷದಲ್ಲಿ ಗೋಡೆ, ಮಾಡು ತುಂಬಾ ಚಿತ್ರ ಬರೆದರು. ಅಲೋಶಿಯಸ್ ಗೊಂಜಾಗ ಶ್ರೀಮಂತಿಕೆ ಬಿಟ್ಟದ್ದು, ಪ್ಲೇಗ್ ರೋಗಿಗಳ ಸೇವೆ ಮಾಡಿದ್ದು, ಎಲ್ಲ ಪುಸ್ತಕದ ಹಾಗೆ ಓದಿಕೊಳ್ಳಬಹುದು. ನನಗೆ ಇಷ್ಟವೇ. ಆದರೆ ಅಲ್ಲಿಂದ ಹೊರಗೆ ಬಂದಮೇಲೆ ನಾನು ಯಾರ ಜೊತೆಗೂ ಜಗಳ ಆಡಿದ್ದಿಲ್ಲ.

ಇನ್ನು ಮಾರ್ಕ. 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಅವನ ಶುಭಸಂದೇಶ 16ನೇ ಅಧ್ಯಾಯದ 8ನೇ ವಾಕ್ಯಕ್ಕೇ ನಿಲ್ಲುತ್ತದೆ. ಯೇಸುವಿನ ಸಮಾಧಿ ಖಾಲಿ. ಹೆಂಗಸರು ನಡುಗುತ್ತಾ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಮುಗಿಯಿತು. ಉಳಿದ ವಾಕ್ಯಗಳು ಆಮೇಲೆ ಸೇರಿದವು ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸೇರಿಸಿದವರಿಗೂ ನನ್ನ ಹಾಗೇ ತಡೆಯಲಾಗಲಿಲ್ಲವೋ ಏನೋ.

ನಾವು ಸಂಜೆ ತೇರ್ಸ್, ಅಂದರೆ ಜಪಮಾಲೆ, ಮಾಡುವಾಗ ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ನೆನೆದು 'ಮಿಸ್ತೆರ್' ಅನ್ನುತ್ತೇವಲ್ಲ, ಅದು ಒಗಟಲ್ಲ. ಒಗಟನ್ನು ಬಿಡಿಸಿದರೆ ಆಯ್ತು, ಮತ್ತೆ ಯಾರೂ ಕೇಳೋದಿಲ್ಲ. ಮಿಸ್ತೆರ್ ಹಾಗಲ್ಲ. ನನ್ನ ಅಮ್ಮ ಪ್ರತಿ ಮಂಗಳವಾರ ಆ ಜಪದಲ್ಲೇ, ಯೇಸು ಸಾಯುವ ಹಿಂದಿನ ರಾತ್ರಿ ಸಂಕಟಪಟ್ಟ ಗೆತ್ಸೆಮನಿ ತೋಟಕ್ಕೆ ಹೋಗಿ ಬರುತ್ತಿದ್ದರು, ಶುಕ್ರವಾರ ಪುನಃ ಹೋಗುತ್ತಿದ್ದರು. ಅರ್ಥ ಆಯ್ತು, ಇನ್ನು ಸಾಕು ಅಂತ ಒಮ್ಮೆಯೂ ಅನ್ನಲಿಲ್ಲ.

ಮರುವರ್ಷ ಅದೇ ನಾಟಕ ಪುನಃ ಆಡಿಸಿದೆ. ಈ ಸಲ ಅಪ್ಪ ಮಾತು ಮುಗಿಸಿದ ಮೇಲೆ ದೊಡ್ಡವನು ಅಂಗಳದಲ್ಲಿ ನಿಂತಿದ್ದಾನೆ, ಒಳಗಿನಿಂದ ಹಾಡು ಕೇಳುತ್ತಿದೆ, ಲೈಟ್ ಆಫ್. ಚಪ್ಪಾಳೆ ಬರಲಿಲ್ಲ. ಹಿಂದಿನಿಂದ ಯಾರೋ "ಕರೆಂಟ್ ಹೋಯ್ತಾ ಮಾರಾಯ್ರೆ?" ಅಂತ ಕೂಗಿದರು. ನಾನು ಪರದೆಯ ಪಕ್ಕದಲ್ಲಿದ್ದೆ. ದೊಡ್ಡವನ ಪಾತ್ರದ ಹುಡುಗ ಕತ್ತಲಲ್ಲೇ ನನ್ನ ಕಡೆ ತಿರುಗಿ ಪಿಸುಗುಟ್ಟಿದ: "ಸರ್, ನಾನೀಗ ಯಾವ ಕಡೆ ಹೋಗ್ಲಿ?"